ಪೋಲ್ ದ ವಿವಿ

ಪೋಲ್ ದ ವಿವಿ (ಜನನ: 29 ಏಪ್ರಿಲ್ 1853, ಮರಣ: 1930) ಫ್ರಾನ್ಸ್ ದೇಶದ ಪತ್ರಿಕಾ ಸಂಪಾದಕರು, ಸೈಕಲ್ ತಯಾರಕರು ಹಾಗೂ ದೂರಪ್ರಯಾಣದ ಸೈಕಲ್ ಸವಾರರು. ವೆಲೋಸಿಯೊ ಎಂಬ ಹೆಸರಿನಿಂದ ಲೇಖನಗಳನ್ನು ಬರೆಯುತ್ತಿದ್ದ ಇವರು ಇಂದಿಗೂ ಅದೇ ಹೆಸರಿನಿಂದ ಹೆಚ್ಚು ಪರಿಚಿತರಾಗಿದ್ದಾರೆ. ಸೈಕಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಗೇರುಗಳಿರಬೇಕೆಂದು ಸುಮಾರು ನಾಲ್ಕು ದಶಕಗಳ ಕಾಲ ವಾದಿಸಿದವರು ಮತ್ತು ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ವ್ಯವಸ್ಥೆಯ ಬೆಳವಣಿಗೆಗೆ ಕಾರಣರಾದವರಲ್ಲಿ ಪ್ರಮುಖರು. ಫ್ರಾನ್ಸಿನ ಸೈಕಲ್ ಪ್ರವಾಸದ ಪಿತಾಮಹರೆಂದು ಇವರನ್ನು ಗೌರವಿಸಲಾಗುತ್ತದೆ.

ಗೇರು ಬದಲಾಯಿಸುವ ಸೌಲಭ್ಯವು ದುರ್ಬಲರಿಗೆ ಮಾತ್ರ ಬೇಕಾದದ್ದು ಎಂಬ ಅಭಿಪ್ರಾಯ ಆ ಕಾಲದ ಸ್ಪರ್ಧಾ ವಲಯದಲ್ಲಿ ಪ್ರಬಲವಾಗಿತ್ತು. ದ ವಿವಿಯವರು ಇದಕ್ಕೆ ವಿರುದ್ಧವಾಗಿ, ಸರಿಯಾದ ಗೇರು ಇದ್ದಲ್ಲಿ ವಯಸ್ಸು, ಲಿಂಗ, ದೇಹಬಲಗಳ ಭೇದವಿಲ್ಲದೆ ಸಾಮಾನ್ಯರೂ ಪರ್ವತಗಳನ್ನು ದಾಟಬಲ್ಲರು ಎಂದು ಬರಹದಿಂದಲೂ ಸ್ವಂತ ಸವಾರಿಗಳಿಂದಲೂ ತೋರಿಸಿಕೊಟ್ಟರು. ಅವರ ವಾದಕ್ಕೆ ವೃತ್ತಿಪರ ಸ್ಪರ್ಧೆಗಳಲ್ಲಿ ಪೂರ್ಣ ಮಾನ್ಯತೆ ದೊರೆತದ್ದು ಅವರ ಮರಣದ ನಂತರ.

ಜನನ ಮತ್ತು ಆರಂಭಿಕ ಜೀವನ

ದ ವಿವಿಯವರು ದಕ್ಷಿಣ ಫ್ರಾನ್ಸಿನ ವೊಕ್ಲೂಸ್ ಪ್ರಾಂತದ ಪೆರ್ನ್ ಎಂಬ ಊರಿನಲ್ಲಿ ಜನಿಸಿದರು. ಈ ಊರನ್ನು ಈಗ ಪೆರ್ನ್ ಲೆ ಫೊಂತೆನ್ ಎಂದು ಕರೆಯಲಾಗುತ್ತದೆ. ಸೈಕಲ್ ಸವಾರರ ನಡುವೆ ಇಂದು ಪ್ರಸಿದ್ಧವಾಗಿರುವ ವಾಂತೂ ಪರ್ವತವು ಇದೇ ಪ್ರಾಂತದಲ್ಲಿದೆ. ತಾರುಣ್ಯದಲ್ಲಿ ದ ವಿವಿಯವರು ರೇಷ್ಮೆ ವ್ಯಾಪಾರವನ್ನು ಕೈಗೊಂಡು ಅದರಲ್ಲಿ ಯಶಸ್ಸು ಗಳಿಸಿದರು. ಅವರ ಮುಂದಿನ ಬದುಕಿನ ಕೇಂದ್ರವಾದ ಸೇಂಟ್ ಎಟಿಯೆನ್ ನಗರವು ಕಲ್ಲಿದ್ದಲು ಗಣಿ, ಬಂದೂಕು ತಯಾರಿಕೆ ಮತ್ತು ರೇಷ್ಮೆ ಪಟ್ಟಿಗಳ ನೇಯ್ಗೆಗೆ ಹೆಸರಾಗಿತ್ತು.

1881ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ದ ವಿವಿಯವರು ಮೊದಲ ಸೈಕಲ್ ಕೊಂಡರು. ಅದು ಆ ಕಾಲದಲ್ಲಿ ರೂಢಿಯಲ್ಲಿದ್ದ, ಮುಂಚಕ್ರ ಬಹಳ ದೊಡ್ಡದಾಗಿಯೂ ಹಿಂಚಕ್ರ ಚಿಕ್ಕದಾಗಿಯೂ ಇದ್ದ ಎತ್ತರದ ಸೈಕಲ್. ಇಂತಹ ವಾಹನದಲ್ಲಿ ಪೆಡಲ್‌ಗಳು ನೇರವಾಗಿ ಮುಂಚಕ್ರಕ್ಕೇ ಜೋಡಣೆಯಾಗಿರುತ್ತಿದ್ದವು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುತ್ತಿತ್ತು. ಹೀಗಾಗಿ ವೇಗ ಹೆಚ್ಚಬೇಕಾದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ದಾರಿಯಾಗಿತ್ತು. ಚಕ್ರದ ಗಾತ್ರವನ್ನು ಸವಾರನ ಕಾಲಿನ ಉದ್ದ ನಿರ್ಧರಿಸುತ್ತಿತ್ತು. ಏರಿನಲ್ಲಿ ಸವಾರನು ಇಳಿದು ಸೈಕಲ್ ತಳ್ಳಿಕೊಂಡು ಹೋಗುವುದು ಸಾಮಾನ್ಯವಾಗಿತ್ತು.

ಈ ವಾಹನದ ಮೇಲೆ ದ ವಿವಿಯವರು ಸುಮಾರು 90 ಕಿ.ಮೀ. ದೂರದ ಲಾ ಶೇಜ್ ದ್ಯೂ ಎಂಬ ಬೆಟ್ಟದ ಊರಿಗೆ ಸವಾರಿ ಮಾಡಿದರು. ಈ ಪ್ರಯಾಣದ ಅನುಭವವು ಸೈಕಲ್ ಅನ್ನು ಕೇವಲ ಆಟದ ವಸ್ತುವಾಗಿ ನೋಡದೆ ಪ್ರಯಾಣದ ಸಾಧನವಾಗಿ ನೋಡುವಂತೆ ಅವರನ್ನು ಪ್ರೇರೇಪಿಸಿತು.

ಪತ್ರಿಕೆ ಮತ್ತು ಸೈಕಲ್ ವ್ಯಾಪಾರ

1885ರ ಸುಮಾರಿಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ರೋವರ್ ಎಂಬ ಹೊಸ ಮಾದರಿಯ ಸೈಕಲ್ ತಯಾರಾಯಿತು. ಇದರ ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮಗಾತ್ರದವಾಗಿದ್ದು, ಪೆಡಲ್‌ನ ಬಲವು ಸರಪಳಿಯ ಮೂಲಕ ಹಿಂಚಕ್ರಕ್ಕೆ ತಲುಪುತ್ತಿತ್ತು. ಸರಪಳಿ ಬಂದದ್ದರಿಂದ ಚಕ್ರದ ಗಾತ್ರಕ್ಕೂ ವೇಗಕ್ಕೂ ಇದ್ದ ನಂಟು ಕಡಿದುಹೋಯಿತು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ ಹಲ್ಲುಗಳ ಪ್ರಮಾಣವನ್ನು ಬದಲಾಯಿಸಿದರೆ ಸಾಕು, ಸೈಕಲ್‌ನ ಗುಣವೇ ಬದಲಾಗುತ್ತಿತ್ತು. ದ ವಿವಿಯವರ ಮುಂದಿನ ಕೆಲಸವೆಲ್ಲವೂ ಈ ಸಾಧ್ಯತೆಯ ಮೇಲೆ ನಿಂತಿತು.

1887ರಲ್ಲಿ ಅವರು ರೇಷ್ಮೆ ವ್ಯಾಪಾರವನ್ನು ಮಾರಿ, ಸೇಂಟ್ ಎಟಿಯೆನ್ ನಗರದಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಮೊದಲಿಗೆ ಇಂಗ್ಲೆಂಡಿನಿಂದ ಸೈಕಲ್‌ಗಳನ್ನು ತರಿಸಿ ಮಾರುತ್ತಿದ್ದರು. ಅದೇ ವರ್ಷ ಲ ಸಿಕ್ಲಿಸ್ಟ್ ಫೊರೆಜಿಯೆನ್ ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಫೊರೆ ಎಂಬುದು ಸೇಂಟ್ ಎಟಿಯೆನ್ ಸುತ್ತಲಿನ ಪ್ರದೇಶದ ಹಳೆಯ ಹೆಸರು. ಪತ್ರಿಕೆಯ ಓದುಗರು ಆ ಪ್ರದೇಶದ ಆಚೆಗೂ ಹರಡಿದ್ದರಿಂದ 1888ರಲ್ಲಿ ಅದರ ಹೆಸರನ್ನು ಲ ಸಿಕ್ಲಿಸ್ಟ್ ಎಂದು ಚಿಕ್ಕದಾಗಿಸಲಾಯಿತು.

ಆ ಕಾಲದ ಇತರ ಸೈಕಲ್ ಪತ್ರಿಕೆಗಳು ಸ್ಪರ್ಧೆಗಳ ವರದಿಗೆ ಪ್ರಾಧಾನ್ಯ ನೀಡುತ್ತಿದ್ದರೆ, ಲ ಸಿಕ್ಲಿಸ್ಟ್ ಪ್ರವಾಸ ಮತ್ತು ತಂತ್ರಜ್ಞಾನಕ್ಕೆ ಮೀಸಲಾಯಿತು. ವೆಲೋಸಿಯೊ ಹೆಸರಿನಲ್ಲಿ ದ ವಿವಿಯವರು ತಾವು ಮಾಡಿದ ಸವಾರಿಗಳ ವಿವರ, ಬಳಸಿದ ಗೇರುಗಳ ಅಳತೆ, ಟಯರುಗಳ ಗುಣದೋಷ, ದಾರಿಯಲ್ಲಿ ಸೇವಿಸಿದ ಆಹಾರ ಮುಂತಾದುವನ್ನು ಬರೆಯುತ್ತಿದ್ದರು. ಓದುಗರ ಪತ್ರಗಳಿಗೂ ಪತ್ರಿಕೆಯಲ್ಲಿ ಸ್ಥಾನವಿತ್ತು. ಒಬ್ಬರು ಕಂಡುಕೊಂಡ ಉಪಾಯವನ್ನು ಇನ್ನೊಬ್ಬರು ತಮ್ಮ ಸೈಕಲ್‌ನಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಬರೆದು ಕಳುಹಿಸುತ್ತಿದ್ದರು. ಹೀಗೆ ಪತ್ರಿಕೆಯು ಒಂದು ಬಗೆಯ ಪ್ರಯೋಗಶಾಲೆಯಾಗಿ ಪರಿಣಮಿಸಿತು. ದ ವಿವಿಯವರ ಮರಣಾನಂತರವೂ ಅದು ಹಲವು ದಶಕಗಳ ಕಾಲ ಪ್ರಕಟವಾಯಿತು.

1889ರಲ್ಲಿ ದ ವಿವಿಯವರು ಲಾ ಗೋಲ್ವಾಜ್ ಎಂಬ ಹೆಸರಿನಲ್ಲಿ ತಮ್ಮದೇ ಸೈಕಲ್ ಅನ್ನು ಹೊರತಂದರು. ಸೇಂಟ್ ಎಟಿಯೆನ್‌ನಲ್ಲಿ ಬಂದೂಕು ತಯಾರಿಸುತ್ತಿದ್ದ ಕುಶಲಕರ್ಮಿಗಳಿಗೆ ಉಕ್ಕಿನ ಕೊಳವೆ ಮತ್ತು ಸೂಕ್ಷ್ಮ ಬಿಡಿಭಾಗಗಳ ಕೆಲಸ ಚೆನ್ನಾಗಿ ತಿಳಿದಿತ್ತು. ಇದರಿಂದಾಗಿ ಆ ನಗರವು ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಸೈಕಲ್ ಉದ್ಯಮದ ಕೇಂದ್ರಗಳಲ್ಲಿ ಒಂದಾಯಿತು. ಗೋಲ್ವಾಜ್‌ನ ಮೊದಲ ಮಾದರಿಯಲ್ಲಿ ಇದ್ದದ್ದು ಒಂದೇ ಗೇರು.

ಗೇರುಗಳ ಪ್ರಯೋಗ

ಸೇಂಟ್ ಎಟಿಯೆನ್‌ನ ದಕ್ಷಿಣಕ್ಕೆ ಕೊಲ್ ದ ಲಾ ರೆಪಬ್ಲಿಕ್ ಎಂಬ ಕಣಿವೆದಾರಿಯಿದೆ. ಇದರ ಎತ್ತರ 1,161 ಮೀಟರ್. ನಗರದಿಂದ ಹೊರಟ ಸವಾರನು ರೋನ್ ನದಿಯ ಕಡೆಗೆ ಇಳಿಯಬೇಕಾದರೆ ಮೊದಲು ಈ ಏರನ್ನು ಹತ್ತಬೇಕಾಗಿತ್ತು. 1889ರಲ್ಲಿ ದ ವಿವಿಯವರು ಏರೊಂದನ್ನು ಕಷ್ಟಪಟ್ಟು ಹತ್ತುತ್ತಿದ್ದಾಗ, ಅವರ ಪತ್ರಿಕೆಯ ಓದುಗನೊಬ್ಬ ಪೈಪು ಸೇದುತ್ತಾ ನಿರಾಯಾಸವಾಗಿ ಅವರನ್ನು ದಾಟಿ ಹೋದನೆಂದೂ, ಅಂದಿನಿಂದ ಅವರು ಗೇರುಗಳ ವಿಷಯದಲ್ಲಿ ಗಂಭೀರವಾಗಿ ಯೋಚಿಸತೊಡಗಿದರೆಂದೂ ಪ್ರಚಲಿತದಲ್ಲಿರುವ ಕಥೆಯೊಂದು ಹೇಳುತ್ತದೆ.

ಸಮಸ್ಯೆ ಸರಳವಾಗಿತ್ತು. ಸಮತಟ್ಟಾದ ದಾರಿಯಲ್ಲಿ ವೇಗವಾಗಿ ಹೋಗಲು ದೊಡ್ಡ ಗೇರು ಬೇಕು. ಏರಿನಲ್ಲಿ ಅದೇ ಗೇರಿನಿಂದ ಪೆಡಲ್ ತುಳಿಯುವುದು ಮೊಣಕಾಲಿಗೂ ಹೃದಯಕ್ಕೂ ಅತಿಯಾದ ಭಾರವಾಗುತ್ತದೆ. ಏರಿಗೆ ಹೊಂದುವ ಚಿಕ್ಕ ಗೇರನ್ನು ಅಳವಡಿಸಿದರೆ ಸಮತಟ್ಟಿನಲ್ಲಿ ಕಾಲುಗಳು ಬಿರುಸಾಗಿ ತಿರುಗಿದರೂ ಸೈಕಲ್ ಮುಂದೆ ಸಾಗುವುದು ಕಡಿಮೆ. ಒಂದೇ ಗೇರಿನ ಸೈಕಲ್ ಯಾವಾಗಲೂ ಇವೆರಡರ ನಡುವಿನ ರಾಜಿಯಾಗಿರುತ್ತದೆ.

ಗೇರಿನ ಅಳತೆಯನ್ನು ಫ್ರಾನ್ಸಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಕ್ರಮಿಸುವ ದೂರದಿಂದ ಸೂಚಿಸುವ ಪದ್ಧತಿಯಿದೆ. ಮುಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನದರ ಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧವನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಈ ದೂರ ದೊರೆಯುತ್ತದೆ. ಉದಾಹರಣೆಗೆ, ಸುತ್ತಳತೆ ಸುಮಾರು 2.1 ಮೀಟರ್ ಇರುವ ಇಂದಿನ ರೋಡ್ ಬೈಕ್‌ನಲ್ಲಿ ಮುಂದೆ 50 ಮತ್ತು ಹಿಂದೆ 20 ಹಲ್ಲುಗಳಿದ್ದರೆ ಒಂದು ಸುತ್ತಿಗೆ 5.25 ಮೀಟರ್ ದೂರ ಸಾಗುತ್ತದೆ. ಹಿಂದಿನ ಹಲ್ಲುಚಕ್ರವನ್ನು ಹಾಗೆಯೇ ಬಿಟ್ಟು ಮುಂದೆ ಮಾತ್ರ 34 ಹಲ್ಲುಗಳ ಚಕ್ರಕ್ಕೆ ಸರಪಳಿಯನ್ನು ಸರಿಸಿದರೆ ಅದು 3.57 ಮೀಟರ್‌ಗೆ ಇಳಿಯುತ್ತದೆ. ಮುಂಭಾಗದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರೂ ಸೈಕಲ್ ಏರಿಗೆ ಹೊಂದುವ ವಾಹನವಾಗುತ್ತದೆ.

ದ ವಿವಿಯವರ ಮೊದಲ ಪ್ರಯೋಗ ಇದೇ ತತ್ತ್ವವನ್ನು ಅವಲಂಬಿಸಿತ್ತು. ಅವರು ಪೆಡಲ್‌ನ ಅಚ್ಚಿನ ಮೇಲೆ ಬೇರೆ ಬೇರೆ ಗಾತ್ರದ ಎರಡು ಹಲ್ಲುಚಕ್ರಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದರು. ಏರು ಬಂದಾಗ ಸವಾರನು ಇಳಿದು, ಸರಪಳಿಯನ್ನು ಕೈಯಿಂದ ಎತ್ತಿ ದೊಡ್ಡ ಚಕ್ರದಿಂದ ಚಿಕ್ಕದಕ್ಕೆ ಹಾಕಬೇಕಾಗಿತ್ತು. ಮುಂದೆ ಅವರು ಸೈಕಲ್‌ನ ಎಡಬದಿಗೂ ಇಂತಹದೇ ಒಂದು ಜೋಡಿಯನ್ನು ಸೇರಿಸಿ ಒಟ್ಟು ನಾಲ್ಕು ಗೇರುಗಳನ್ನು ಪಡೆದರು.

ಕೈಯಿಂದ ಸರಪಳಿ ಸರಿಸುವ ಈ ಕ್ರಮಕ್ಕೆ ಒಂದು ಮಿತಿಯಿತ್ತು. ಸರಪಳಿಯ ಉದ್ದ ನಿಗದಿತವಾದದ್ದು. ಮುಂದಿನ ಚಕ್ರವನ್ನು ಮಾತ್ರ ಚಿಕ್ಕದು ಮಾಡಿದರೆ ಸರಪಳಿ ಸಡಿಲವಾಗಿ ಜೋತುಬೀಳುತ್ತದೆ. ಇದನ್ನು ತಪ್ಪಿಸಲು ಮುಂದೆ ಹಲ್ಲುಗಳು ಎಷ್ಟು ಕಡಿಮೆಯಾಗುತ್ತವೆಯೋ ಹಿಂದೆ ಅಷ್ಟೇ ಹೆಚ್ಚಾಗುವಂತೆ ಜೋಡಿಗಳನ್ನು ಆಯ್ದುಕೊಳ್ಳಬೇಕು. ಮುಂದೆ 46 ಮತ್ತು ಹಿಂದೆ 16 ಇದ್ದಲ್ಲಿ, ಮುಂದೆ 42 ಮತ್ತು ಹಿಂದೆ 20 ಇರುವ ಜೋಡಿಗೂ ಅದೇ ಸರಪಳಿ ಸಾಲುತ್ತದೆ. ಎರಡರ ಮೊತ್ತವೂ 62. ಇದಕ್ಕಿಂತ ಹೆಚ್ಚಿನ ಅಂತರ ಬೇಕಾದರೆ ಸಡಿಲವನ್ನು ಹೀರಿಕೊಳ್ಳುವ ಸ್ಪ್ರಿಂಗ್ ತೋಳು ಅಗತ್ಯವಾಗುತ್ತದೆ. ಇಂತಹ ತೋಳು ಮುಂದಿನ ದಶಕಗಳಲ್ಲಿ ಹಿಂಭಾಗದ ಡಿರೈಲರ್‌ನ ಅವಿಭಾಜ್ಯ ಅಂಗವಾಯಿತು.

ಗೇರು ಬದಲಾಯಿಸಲು ಸರಪಳಿಯನ್ನು ಸರಿಸುವುದಷ್ಟೇ ಅಲ್ಲದೆ ಆ ಕಾಲದಲ್ಲಿ ಬೇರೆ ಮಾರ್ಗಗಳೂ ಇದ್ದವು. ಇಂಗ್ಲೆಂಡಿನ ಲಿನ್ಲಿ ಮತ್ತು ಬಿಗ್ಸ್ ಸಂಸ್ಥೆಯ ವಿಪ್ಪೆಟ್ ಸೈಕಲ್‌ನಲ್ಲಿ ಮುಂದಿನ ಹಲ್ಲುಚಕ್ರವೇ ಹಿಗ್ಗುವ ಮತ್ತು ಕುಗ್ಗುವ ವ್ಯವಸ್ಥೆಯಿತ್ತು. ಸೇಂಟ್ ಎಟಿಯೆನ್‌ನಲ್ಲಿಯೇ ತಯಾರಾಗುತ್ತಿದ್ದ ಇರೊಂದೆಲ್ ಸೈಕಲ್‌ನ ಒಂದು ಮಾದರಿಯಲ್ಲಿ ಪೆಡಲ್ ಅನ್ನು ಹಿಂದಕ್ಕೆ ತುಳಿದರೆ ಚಿಕ್ಕ ಗೇರು ಕೆಲಸ ಮಾಡುತ್ತಿತ್ತು. ಇನ್ನು ಕೆಲವು ತಯಾರಕರು ಹಿಂಚಕ್ರದ ನಡುಗುಂಭದೊಳಗೆ ಹಲ್ಲುಚಕ್ರಗಳನ್ನು ಅಡಗಿಸಿಡುತ್ತಿದ್ದರು. ದ ವಿವಿಯವರು ಇಂತಹ ಅನೇಕ ವ್ಯವಸ್ಥೆಗಳನ್ನು ತಮ್ಮ ಸವಾರಿಗಳಲ್ಲಿ ಬಳಸಿ ನೋಡಿ, ಅವುಗಳ ಬಗ್ಗೆ ಪತ್ರಿಕೆಯಲ್ಲಿ ಬರೆದರು.

ಡಿರೈಲರ್ ಎಂಬುದು ಫ್ರೆಂಚ್ ಮೂಲದ ಪದ. ಸರಪಳಿಯನ್ನು ಹಳಿ ತಪ್ಪಿಸುವ ಸಾಧನ ಎಂಬುದು ಅದರ ಅರ್ಥ. ಹಲವು ಬರಹಗಳಲ್ಲಿ ದ ವಿವಿಯವರನ್ನು ಡಿರೈಲರ್‌ನ ಜನಕರೆಂದು ಹೇಳಲಾಗಿದೆ. ಆದರೆ ಅದನ್ನು ಒಬ್ಬ ವ್ಯಕ್ತಿಯ ಆವಿಷ್ಕಾರವೆಂದು ಪರಿಗಣಿಸುವುದು ಸರಿಯಲ್ಲ. ಜಾನ್ ಲುಬೇರ್ ಎಂಬವರ ಪೊಲಿಸೆಲೆರ್ ಎಂಬ ಸಾಧನ 1895ರಲ್ಲಿಯೇ ಫ್ರಾನ್ಸಿನಲ್ಲಿ ಬಂದಿತ್ತು. ದ ವಿವಿಯವರ ಬಳಗದ ಜೊಆನಿ ಪನೆಲ್ ಅವರು ಲ ಶೆಮಿನೊ ಎಂಬ ಡಿರೈಲರ್ ಅನ್ನು ತಯಾರಿಸಿದರು. ಇಂತಹ ಪ್ರಯತ್ನಗಳನ್ನು ಪ್ರೋತ್ಸಾಹಿಸಿ, ದೂರದ ಸವಾರಿಗಳಲ್ಲಿ ಪರೀಕ್ಷೆಗೆ ಒಡ್ಡಿ, ಅವುಗಳಿಗೆ ಬಳಕೆದಾರರನ್ನು ಒದಗಿಸಿಕೊಟ್ಟದ್ದು ದ ವಿವಿಯವರ ವಿಶಿಷ್ಟ ಕೊಡುಗೆಯಾಗಿದೆ.

ದೆಗ್ರಾಂಜ್ ಅವರೊಂದಿಗಿನ ಭಿನ್ನಾಭಿಪ್ರಾಯ

ಗೇರುಗಳ ಬಗೆಗಿನ ವಾದದಲ್ಲಿ ದ ವಿವಿಯವರ ಎದುರಾಳಿಯಾಗಿ ಪ್ರಸಿದ್ಧರಾದವರು ಆನ್ರಿ ದೆಗ್ರಾಂಜ್. ಇವರು 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿ.ಮೀ. ಕ್ರಮಿಸಿ ದಾಖಲೆ ಸ್ಥಾಪಿಸಿದ ಸವಾರರಾಗಿದ್ದು, ಮುಂದೆ ಕ್ರೀಡಾ ಪತ್ರಿಕೆಯೊಂದರ ಸಂಪಾದಕರಾಗಿ 1903ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಪ್ರಾರಂಭಿಸಿದರು.

1902ರ ಆಗಸ್ಟ್‌ನಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಸಂಸ್ಥೆಯು ಪ್ರವಾಸಿ ಸೈಕಲ್‌ಗಳ ಪರೀಕ್ಷಾ ಸ್ಪರ್ಧೆಯನ್ನು ಪಿರಿನೀಸ್ ಪರ್ವತಗಳಲ್ಲಿ ಏರ್ಪಡಿಸಿತು. ಮಾರ್ಗದಲ್ಲಿ ತೂರ್ಮಾಲೆ ಕಣಿವೆದಾರಿಯೂ ಸೇರಿತ್ತು. ಬ್ರೇಕು, ಗೇರು ಮುಂತಾದ ಭಾಗಗಳು ಪರ್ವತದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯುವುದು ಇದರ ಉದ್ದೇಶವಾಗಿತ್ತು. ಮಾರ್ತ್ ಎಸ್ ಎಂಬ ಮಹಿಳೆ ಮೂರು ಗೇರುಗಳ ಗೋಲ್ವಾಜ್ ಸೈಕಲ್ ಏರಿ ಇದರಲ್ಲಿ ಭಾಗವಹಿಸಿದರು. ಏರುಗಳಲ್ಲಿ ಇಳಿದು ತಳ್ಳದೆ ಅವರು ಸವಾರಿ ಪೂರೈಸಿದ್ದು ಗೇರುಗಳ ಪರವಾದ ಸಾಕ್ಷ್ಯವಾಗಿ ದ ವಿವಿಯವರ ಬಳಗದಲ್ಲಿ ಬಹುಕಾಲ ಉಲ್ಲೇಖಗೊಂಡಿತು.

ದೆಗ್ರಾಂಜ್ ಅವರು ಈ ಫಲಿತಾಂಶವನ್ನು ಒಪ್ಪಲಿಲ್ಲ. ಬದಲಾಗುವ ಗೇರುಗಳು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕವು, ಯಂತ್ರದ ಉಪಾಯಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲು ಎಂಬ ಆಶಯದ ಬರಹವನ್ನು ಅವರು ಪ್ರಕಟಿಸಿದರು. ಸವಾರನ ಶಕ್ತಿ ಮತ್ತು ಸಹನೆಯನ್ನು ಅಳೆಯುವುದೇ ಸ್ಪರ್ಧೆಯ ಉದ್ದೇಶವಾದ್ದರಿಂದ ಎಲ್ಲರ ವಾಹನವೂ ಸರಳವಾಗಿರಬೇಕು ಎಂಬುದು ಅವರ ನಿಲುವಾಗಿತ್ತು.

ಇಬ್ಬರ ನಿಲುವುಗಳ ಹಿಂದೆ ಸೈಕಲ್ ಯಾರಿಗಾಗಿ ಎಂಬ ಪ್ರಶ್ನೆಯಿತ್ತು. ದೆಗ್ರಾಂಜ್ ಅವರ ದೃಷ್ಟಿ ಸ್ಪರ್ಧಾಳುಗಳ ಮೇಲಿತ್ತು. ದ ವಿವಿಯವರು ಬರೆಯುತ್ತಿದ್ದುದು ವಾರವೆಲ್ಲ ದುಡಿದು ರಜೆಯ ದಿನ ಬೆಟ್ಟಗಳ ಕಡೆಗೆ ಹೊರಡುವ ಸಾಮಾನ್ಯ ಸವಾರನಿಗಾಗಿ. ಅಂತಹವನಿಗೆ ಬಳಲಿಕೆ ಒಂದು ಸಾಧನೆಯಲ್ಲ, ತೊಡಕು. ಮರುದಿನವೂ ಸವಾರಿ ಮಾಡುವಷ್ಟು ಶಕ್ತಿ ಉಳಿಯಬೇಕು ಎಂಬುದು ಅವರ ವಾದದ ತಿರುಳಾಗಿತ್ತು.

ಟೂರ್ ದ ಫ್ರಾನ್ಸ್ ಸ್ಪರ್ಧಿಗಳು ಬಹುಕಾಲ ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರಗಳನ್ನು ಅಳವಡಿಸಿಕೊಂಡು, ಏರಿನ ಬುಡದಲ್ಲಿ ಇಳಿದು ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕುತ್ತಿದ್ದರು. 1937ರಲ್ಲಿ ಆ ಸ್ಪರ್ಧೆಯಲ್ಲಿ ಎಲ್ಲ ಸವಾರರಿಗೂ ಡಿರೈಲರ್ ಬಳಸಲು ಅನುಮತಿ ದೊರೆಯಿತು. ಆ ವರ್ಷ ರೋಜೆ ಲಪೆಬಿ ವಿಜೇತರಾದರು. ದ ವಿವಿಯವರು ತೀರಿಕೊಂಡು ಆಗ ಏಳು ವರ್ಷಗಳಾಗಿದ್ದವು.

ಸವಾರಿಗಳು ಮತ್ತು ಜೀವನಶೈಲಿ

ದ ವಿವಿಯವರು ರಾತ್ರಿಯಿಡೀ ಸವಾರಿ ಮಾಡಿ ಮರುದಿನವೂ ಮುಂದುವರಿಯುವ ದೀರ್ಘ ಪ್ರಯಾಣಗಳಿಗೆ ಹೆಸರಾಗಿದ್ದರು. ಈಸ್ಟರ್ ಹಬ್ಬದ ರಜೆಯಲ್ಲಿ ತಂಪಾದ ಸೇಂಟ್ ಎಟಿಯೆನ್‌ನಿಂದ ಹೊರಟು ರೋನ್ ಕಣಿವೆಯ ಮೂಲಕ ತಮ್ಮ ಹುಟ್ಟುನಾಡಾದ ಪ್ರೊವಾನ್ಸ್‌ಗೆ ಹೋಗುವುದು ಅವರ ವಾಡಿಕೆಯಾಗಿತ್ತು. ಗೆಳೆಯರೂ ಓದುಗರೂ ಅವರನ್ನು ಅಲ್ಲಿ ಕೂಡಿಕೊಳ್ಳುತ್ತಿದ್ದರು. ಅವರ ಸುತ್ತ ಬೆಳೆದ ಈ ಸವಾರರ ಬಳಗವನ್ನು ಸೇಂಟ್ ಎಟಿಯೆನ್ ಪಂಥ ಎಂದು ಕರೆಯುವುದುಂಟು.

ಅವರು ಸಸ್ಯಾಹಾರಿಗಳಾಗಿದ್ದರು. ದಾರಿಯಲ್ಲಿ ಮದ್ಯ, ಮಾಂಸ ಮತ್ತು ತಂಬಾಕುಗಳನ್ನು ದೂರವಿಡಬೇಕೆಂದು ಹೇಳುತ್ತಿದ್ದರು. ಸವಾರರಿಗಾಗಿ ಅವರು ರೂಪಿಸಿದ ಏಳು ನಿಯಮಗಳು ಪ್ರಸಿದ್ಧವಾಗಿವೆ. ಕಡಿಮೆ ಮತ್ತು ಚಿಕ್ಕ ನಿಲುಗಡೆ, ಹಸಿವು ಬಾಯಾರಿಕೆಗಳು ಕಾಡುವ ಮೊದಲೇ ಆಹಾರ ಮತ್ತು ನೀರಿನ ಸೇವನೆ, ಹವೆಗೆ ತಕ್ಕ ಉಡುಪು, ಶಕ್ತಿಯ ಮಿತವ್ಯಯ, ಪ್ರತಿಷ್ಠೆಗಾಗಿ ಸವಾರಿ ಮಾಡದಿರುವುದು ಮುಂತಾದವು ಇವುಗಳ ಸಾರ. ದೀರ್ಘ ಸವಾರಿಯ ಬಗ್ಗೆ ಇಂದು ನೀಡಲಾಗುವ ಸಲಹೆಗಳು ಇವಕ್ಕಿಂತ ಬಹಳ ಭಿನ್ನವಾಗಿಲ್ಲ.

ಅಗಲವಾದ ಮತ್ತು ಮೃದುವಾದ ಟಯರುಗಳು ಕಲ್ಲುದಾರಿಯಲ್ಲಿ ಹೆಚ್ಚು ಸುಖಕರ ಎಂಬ ಅಭಿಪ್ರಾಯ ಅವರದಾಗಿತ್ತು. ಬೇರೆ ಬೇರೆ ದೇಶಗಳ ಜನರು ಪರಸ್ಪರ ಅರಿಯಲು ನೆರವಾಗುವ ಸಾಮಾನ್ಯ ಭಾಷೆಯಾಗಿ ಎಸ್ಪೆರಾಂಟೊವನ್ನೂ ಅವರು ಪ್ರಚಾರ ಮಾಡಿದರು.

ಮುಂಭಾಗದ ಗೇರು ಬದಲಾವಣೆಯ ಸಮಸ್ಯೆ

ದ ವಿವಿಯವರು ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಇಂದಿನ ರೋಡ್ ಬೈಕ್‌ಗಳಲ್ಲಿ ಮುಂಭಾಗದ ಡಿರೈಲರ್ ಮಾಡುತ್ತದೆ. ಅವರು ಸೈಕಲ್ ನಿಲ್ಲಿಸಿ, ಸರಪಳಿಯ ಮೇಲೆ ಬಲವಿಲ್ಲದಿರುವಾಗ ಅದನ್ನು ಸರಿಸುತ್ತಿದ್ದರು. ಡಿರೈಲರ್ ಅದನ್ನು ಪೆಡಲ್ ತಿರುಗುತ್ತಿರುವಾಗಲೇ ಮಾಡಬೇಕು. ಮುಂಭಾಗದ ಗೇರು ಬದಲಾವಣೆಯಲ್ಲಿ ಕಾಣುವ ಬಹುತೇಕ ತೊಂದರೆಗಳಿಗೆ ಮೂಲ ಈ ವ್ಯತ್ಯಾಸದಲ್ಲಿದೆ.

ಹಿಂಭಾಗದ ಡಿರೈಲರ್ ಸರಪಳಿಯ ಕೆಳಗಿನ ಭಾಗವನ್ನು ಸರಿಸುತ್ತದೆ. ಆ ಭಾಗದಲ್ಲಿ ಸೆಳೆತ ಕಡಿಮೆ. ಅಕ್ಕಪಕ್ಕದ ಹಲ್ಲುಚಕ್ರಗಳ ನಡುವಿನ ಅಂತರವೂ ಸಾಮಾನ್ಯವಾಗಿ ಕೆಲವೇ ಹಲ್ಲುಗಳು. ಮುಂಭಾಗದ ಡಿರೈಲರ್‌ನ ಪಂಜರವು ಸರಪಳಿಯ ಮೇಲಿನ ಭಾಗವನ್ನು ಬದಿಗೆ ತಳ್ಳಬೇಕಾಗುತ್ತದೆ. ಸವಾರನ ಕಾಲಿನ ಬಲವೆಲ್ಲವೂ ಹಿಂಚಕ್ರಕ್ಕೆ ಹರಿಯುವುದು ಇದೇ ಭಾಗದ ಮೂಲಕ. ಜೊತೆಗೆ, 34 ಮತ್ತು 50 ಹಲ್ಲುಗಳ ಜೋಡಿಯಲ್ಲಿ ಸರಪಳಿಯು ಒಮ್ಮೆಗೇ 16 ಹಲ್ಲುಗಳ ಅಂತರವನ್ನು ಹತ್ತಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಯಲ್ಲಿದ್ದ ಮುಂಭಾಗದ ಡಿರೈಲರ್‌ಗಳಲ್ಲಿ ಹಲವನ್ನು ಆಸನದ ಕೊಳವೆಯ ಬಳಿಯಿದ್ದ ಸಣ್ಣ ಸನ್ನೆಯಿಂದ, ಬಾಗಿ, ನೇರವಾಗಿ ಕೈಯಿಂದ ಚಲಿಸಬೇಕಾಗಿತ್ತು. ಅನಂತರ ಕೇಬಲ್‌ನಿಂದ ನಡೆಯುವ, ಸಮಾಂತರ ಚತುರ್ಭುಜದ ಆಕಾರದ ಕೀಲುಗಳುಳ್ಳ ಮಾದರಿಗಳು ರೂಢಿಗೆ ಬಂದವು. ಇಂದಿನ ದೊಡ್ಡ ಹಲ್ಲುಚಕ್ರದ ಒಳಬದಿಯಲ್ಲಿ ಸರಪಳಿಯನ್ನು ಹಿಡಿದು ಮೇಲೆತ್ತುವ ಸಣ್ಣ ಪಿನ್ನುಗಳೂ ಇಳಿಜಾರುಗಳೂ ಇರುತ್ತವೆ.

ದೋಷಗಳು ಮುಖ್ಯವಾಗಿ ನಾಲ್ಕು ಬಗೆಯವು: ಸರಪಳಿ ದೊಡ್ಡ ಚಕ್ರಕ್ಕೆ ಹತ್ತದಿರುವುದು, ದೊಡ್ಡ ಚಕ್ರವನ್ನು ದಾಟಿ ಹೊರಗೆ ಬೀಳುವುದು, ಚಿಕ್ಕ ಚಕ್ರದಿಂದ ಒಳಗೆ ಜಾರಿ ಚೌಕಟ್ಟಿಗೆ ತಗಲುವುದು ಮತ್ತು ಪಂಜರಕ್ಕೆ ಉಜ್ಜಿ ಸದ್ದು ಮಾಡುವುದು. ಇವುಗಳನ್ನು ಸರಿಪಡಿಸುವಾಗ ಕ್ರಮವನ್ನು ಪಾಲಿಸುವುದು ಮುಖ್ಯ, ಏಕೆಂದರೆ ಒಂದು ಹೊಂದಾಣಿಕೆಯು ಅದಕ್ಕಿಂತ ಮೊದಲಿನದನ್ನು ಅವಲಂಬಿಸಿರುತ್ತದೆ.

ಮೊದಲು ಡಿರೈಲರ್‌ನ ಸ್ಥಾನವನ್ನು ನೋಡಬೇಕು. ಪಂಜರದ ಹೊರತಗಡಿನ ಅಂಚು ದೊಡ್ಡ ಚಕ್ರದ ಹಲ್ಲುಗಳಿಗಿಂತ 1ರಿಂದ 3 ಮಿಲಿಮೀಟರ್ ಮೇಲಿರಬೇಕು ಮತ್ತು ತಗಡು ಚಕ್ರಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿರಬೇಕು. ಪಂಜರ ಹೆಚ್ಚು ಎತ್ತರದಲ್ಲಿದ್ದರೆ ಅಥವಾ ಓರೆಯಾಗಿದ್ದರೆ ಉಳಿದ ಯಾವ ಹೊಂದಾಣಿಕೆಯೂ ಪೂರ್ಣ ಫಲ ಕೊಡುವುದಿಲ್ಲ.

ಎರಡನೆಯದು ಒಳಮಿತಿಯ ತಿರುಪು. ಕೇಬಲ್ ಅನ್ನು ಸಡಿಲಿಸಿ, ಸರಪಳಿಯನ್ನು ಮುಂದಿನ ಚಿಕ್ಕ ಚಕ್ರ ಹಾಗೂ ಹಿಂದಿನ ಅತಿ ದೊಡ್ಡ ಚಕ್ರದ ಮೇಲಿಟ್ಟು, ಪಂಜರದ ಒಳತಗಡಿಗೂ ಸರಪಳಿಗೂ ನಡುವೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಂತರ ಉಳಿಯುವಂತೆ ಈ ತಿರುಪನ್ನು ಹೊಂದಿಸಲಾಗುತ್ತದೆ. ಸರಪಳಿ ಒಳಗೆ ಬೀಳುತ್ತಿದ್ದರೆ ಈ ತಿರುಪನ್ನು ಸ್ವಲ್ಪ ಬಿಗಿಗೊಳಿಸಬೇಕು.

ಮೂರನೆಯದು ಕೇಬಲ್‌ನ ಬಿಗಿತ. ಸರಪಳಿಯು ದೊಡ್ಡ ಚಕ್ರಕ್ಕೆ ಹತ್ತದಿರಲು ಸಾಮಾನ್ಯ ಕಾರಣ ಸಡಿಲವಾದ ಕೇಬಲ್. ಹೊಸ ಕೇಬಲ್ ಕೆಲವು ಸವಾರಿಗಳಲ್ಲಿ ತನ್ನ ಸ್ಥಾನಕ್ಕೆ ಕೂರುವುದರಿಂದ ಸಡಿಲವಾಗುವುದು ಸಹಜ. ಹೊಂದಾಣಿಕೆಯ ಗುಂಡಿಯನ್ನು ತಿರುಗಿಸಿ ಅದನ್ನು ಬಿಗಿಗೊಳಿಸಬಹುದು. ಸನ್ನೆ ಒತ್ತಲು ಭಾರವೆನಿಸಿದರೆ ಅಥವಾ ಸರಪಳಿ ಚಿಕ್ಕ ಚಕ್ರಕ್ಕೆ ನಿಧಾನವಾಗಿ ಇಳಿದರೆ, ಕೇಬಲ್‌ನ ಹೊರಕವಚದೊಳಗೆ ಧೂಳು ಅಥವಾ ತುಕ್ಕು ಸೇರಿರುವ ಸಾಧ್ಯತೆಯಿದೆ. ಆಗ ಕೇಬಲ್ ಮತ್ತು ಕವಚ ಎರಡನ್ನೂ ಬದಲಾಯಿಸುವುದು ಸೂಕ್ತ.

ಕೊನೆಯದು ಹೊರಮಿತಿಯ ತಿರುಪು. ಸರಪಳಿಯನ್ನು ಮುಂದಿನ ದೊಡ್ಡ ಚಕ್ರ ಹಾಗೂ ಹಿಂದಿನ ಅತಿ ಚಿಕ್ಕ ಚಕ್ರದ ಮೇಲಿಟ್ಟು, ಹೊರತಗಡು ಸರಪಳಿಗೆ ತಾಗದಂತೆ, ಆದರೆ ಬಹಳ ದೂರವೂ ಇರದಂತೆ ಇದನ್ನು ಹೊಂದಿಸಬೇಕು. ಇದು ಸಡಿಲವಾಗಿದ್ದರೆ ಸರಪಳಿ ಹೊರಗೆ ಬಿದ್ದು ಕ್ರ್ಯಾಂಕ್ ಮತ್ತು ಪೆಡಲ್ ಕಡೆಗೆ ಸಿಕ್ಕಿಕೊಳ್ಳುತ್ತದೆ. ಅತಿ ಬಿಗಿಯಾಗಿದ್ದರೆ ಕೇಬಲ್ ಎಷ್ಟೇ ಬಿಗಿಯಾಗಿದ್ದರೂ ಸರಪಳಿ ಮೇಲೆ ಹತ್ತುವುದಿಲ್ಲ.

ಈ ನಾಲ್ಕೂ ಸರಿಯಿದ್ದು ತೊಂದರೆ ಮುಂದುವರಿದರೆ ಸವೆದ ಸರಪಳಿ, ಬಾಗಿದ ಹಲ್ಲುಚಕ್ರ ಅಥವಾ ಬಾಗಿದ ಪಂಜರವನ್ನು ಪರಿಶೀಲಿಸಬೇಕಾಗುತ್ತದೆ. ಸವಾರಿಯ ಕ್ರಮವೂ ಇಲ್ಲಿ ಮುಖ್ಯ. ಗೇರು ಬದಲಾಗುವ ಕ್ಷಣದಲ್ಲಿ ಪೆಡಲ್ ತಿರುಗಿಸುತ್ತಲೇ ಅದರ ಮೇಲಿನ ಒತ್ತಡವನ್ನು ಸಡಿಲಿಸಿದರೆ ಸರಪಳಿ ಸುಲಭವಾಗಿ ಸರಿಯುತ್ತದೆ. ಏರು ಕಡಿದಾಗುವ ಮೊದಲೇ ಚಿಕ್ಕ ಚಕ್ರಕ್ಕೆ ಬರುವುದು ಇದೇ ಕಾರಣಕ್ಕೆ ಒಳ್ಳೆಯದು.

ಮರಣ

1930ರಲ್ಲಿ ಸೇಂಟ್ ಎಟಿಯೆನ್ ನಗರದ ರಸ್ತೆಯಲ್ಲಿ ದ ವಿವಿಯವರಿಗೆ ಟ್ರಾಮ್ ಗಾಡಿಯೊಂದು ಡಿಕ್ಕಿ ಹೊಡೆಯಿತು. ಆ ಸಮಯದಲ್ಲಿ ಅವರು ಸೈಕಲ್ ಅನ್ನು ಕೈಯಲ್ಲಿ ಹಿಡಿದು ನಡೆದುಹೋಗುತ್ತಿದ್ದರು. ಈ ಅಪಘಾತದಿಂದ ಅವರು ತಮ್ಮ 76ನೆಯ ವಯಸ್ಸಿನಲ್ಲಿ ನಿಧನರಾದರು. ಸೈಕಲ್ ವ್ಯಾಪಾರದಿಂದ ಅವರು ಸಂಪತ್ತನ್ನು ಗಳಿಸಲಿಲ್ಲ. ಗೇರುಗಳ ಬಗ್ಗೆ ತಾವು ಕಂಡುಕೊಂಡದ್ದನ್ನು ಪತ್ರಿಕೆಯ ಮೂಲಕ ಎಲ್ಲರಿಗೂ ತಿಳಿಸುವುದನ್ನೇ ಆಯ್ದುಕೊಂಡರು.

ಸ್ಮರಣೆ ಮತ್ತು ಪ್ರಭಾವ

ದ ವಿವಿಯವರು ಪದೇಪದೇ ಹತ್ತುತ್ತಿದ್ದ ಕೊಲ್ ದ ಲಾ ರೆಪಬ್ಲಿಕ್ ಕಣಿವೆದಾರಿಯಲ್ಲಿ ಅವರ ಸ್ಮಾರಕವಿದೆ. 1903ರ ಮೊದಲ ಟೂರ್ ದ ಫ್ರಾನ್ಸ್ ಸ್ಪರ್ಧೆಯೂ ಇದೇ ದಾರಿಯಲ್ಲಿ ಸಾಗಿತ್ತು. ವೆಲೋಸಿಯೊ ದಿನ ಎಂಬ ಹೆಸರಿನಲ್ಲಿ ಸೇಂಟ್ ಎಟಿಯೆನ್‌ನಿಂದ ಈ ಏರನ್ನು ಸಾಮೂಹಿಕವಾಗಿ ಹತ್ತುವ ಸಂಪ್ರದಾಯವು 1920ರ ದಶಕದಲ್ಲಿ, ಅವರು ಬದುಕಿರುವಾಗಲೇ ಆರಂಭವಾಯಿತು. ವಿವಿಧ ವಯಸ್ಸಿನ ಸವಾರರು ಇದರಲ್ಲಿ ಪಾಲ್ಗೊಳ್ಳುತ್ತಾರೆ. ಸೇಂಟ್ ಎಟಿಯೆನ್‌ನ ಕಲೆ ಮತ್ತು ಉದ್ಯಮ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸೈಕಲ್‌ಗಳ ದೊಡ್ಡ ಸಂಗ್ರಹವಿದೆ.

ಪ್ಯಾರಿಸ್‌ನ ಓಡಾ ಕ್ಲಬ್ ಪರಿಸಿಯಾನ್ ಸಂಸ್ಥೆಯು 1947ರಲ್ಲಿ ಫ್ಲೆಶ್ ವೆಲೋಸಿಯೊ ಎಂಬ ಸವಾರಿಯನ್ನು ಪ್ರಾರಂಭಿಸಿತು. ಈಸ್ಟರ್ ಸಮಯದಲ್ಲಿ ನಡೆಯುವ ಇದರಲ್ಲಿ ತಂಡಗಳು ಬೇರೆ ಬೇರೆ ದಿಕ್ಕುಗಳಿಂದ ಹೊರಟು 24 ಗಂಟೆಗಳಲ್ಲಿ ಕನಿಷ್ಠ 360 ಕಿ.ಮೀ. ಕ್ರಮಿಸಿ ಪ್ರೊವಾನ್ಸ್‌ನಲ್ಲಿ ಸೇರುತ್ತವೆ. ಇದು ದ ವಿವಿಯವರ ಈಸ್ಟರ್ ಸವಾರಿಗಳ ನೆನಪಿಗಾಗಿ ರೂಪುಗೊಂಡದ್ದು. ಇದೇ ಸಂಸ್ಥೆಯ ನಿಯಮಗಳಡಿ 200, 300, 400 ಮತ್ತು 600 ಕಿ.ಮೀ. ದೂರದ ಬ್ರೆವೆ ಸವಾರಿಗಳು ಹಲವು ದೇಶಗಳಲ್ಲಿ ನಡೆಯುತ್ತವೆ. ಭಾರತದಲ್ಲಿ ಬೆಂಗಳೂರು ಸೇರಿದಂತೆ ಅನೇಕ ನಗರಗಳಲ್ಲಿ ಇವು ಪ್ರಚಲಿತವಾಗಿವೆ. ಇವು ಸ್ಪರ್ಧೆಗಳಲ್ಲ, ನಿಗದಿತ ಅವಧಿಯೊಳಗೆ ಸವಾರಿ ಪೂರೈಸಿದ ಪ್ರತಿಯೊಬ್ಬರಿಗೂ ಸಮಾನ ಮಾನ್ಯತೆಯಿದೆ.

ಇತ್ತೀಚಿನ ದಶಕಗಳಲ್ಲಿ ಮೌಂಟನ್ ಬೈಕ್‌ಗಳಲ್ಲಿ ಮುಂಭಾಗದ ಡಿರೈಲರ್ ಬಹುಮಟ್ಟಿಗೆ ಕಣ್ಮರೆಯಾಗಿದ್ದು, ಹಿಂಭಾಗದಲ್ಲಿ ಹೆಚ್ಚು ಹಲ್ಲುಚಕ್ರಗಳನ್ನು ಅಳವಡಿಸುವ ಮೂಲಕ ಅದರ ಕೆಲಸವನ್ನು ಪೂರೈಸಲಾಗುತ್ತಿದೆ. ರೋಡ್ ಬೈಕ್‌ಗಳಲ್ಲಿ ಮಾತ್ರ ಮುಂದೆ ಎರಡು ಹಲ್ಲುಚಕ್ರಗಳ ಜೋಡಿ ಇನ್ನೂ ವ್ಯಾಪಕವಾಗಿ ಬಳಕೆಯಲ್ಲಿದೆ. ದ ವಿವಿಯವರು ಮೊದಲ ಪ್ರಯೋಗದಲ್ಲಿ ಬಳಸಿದ್ದೂ ಇದೇ ಬಗೆಯ ಜೋಡಿಯನ್ನು.